ಸಿಂದಗಿಯ ಕರಿಕೋಟಿನ ಬ್ಯಾಂಡು

ಬ್ಯಾಂಡು ಕಟ್ಟಿದವರು ಫಜೀತಿಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅದೇ ಮನೆ ಕೇಳಿಕೊಂಡು ಬರುತ್ತದೆ. ಹನ್ನೊಂದು ತಿಂಗಳು ಬಾಳಿದ ನಮ್ಮ ಬ್ಯಾಂಡಿಗೆ ಅದು ಹೋದ ಹೋದ ಊರಿನಲ್ಲೆಲ್ಲ ಸಿಕ್ಕಿತು. ಆದರೂ ಎದೆ ತಟ್ಟಿ ಹೇಳುತ್ತೇನೆ, ಇಂಡಿಯಿಂದ ಮುದ್ದೇಬಿಹಾಳದವರೆಗೆ ನಮ್ಮಷ್ಟು ಚೆನ್ನಾಗಿ ಇಂಗ್ಲಿಷ್ ಹಾಡು ಬಾರಿಸುವ ಬ್ಯಾಂಡು ಇನ್ನೊಂದಿರಲಿಲ್ಲ. ಇಂಗ್ಲಿಷ್ ಹಾಡು ಬಾರಿಸುವ ಬ್ಯಾಂಡೇ ಇನ್ನೊಂದಿರಲಿಲ್ಲ, ಆ ಮಾತು ಬೇರೆ.

ನನ್ನದು ಸಿಂದಗಿಯಲ್ಲಿ ಫೋಟೊ ಸ್ಟುಡಿಯೊ. ಗಿರಾಕಿ ಇಲ್ಲದ ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಹಳೆಯ ವಿಡಿಯೊ ಸಿಕ್ಕಿತು. ಅರವತ್ತರ ದಶಕದ ಇಂಗ್ಲೆಂಡಿನ ಯಾವುದೋ ಸಣ್ಣ ಊರಿನ ತರುಣರು ಕರಿಕೋಟು ತೊಟ್ಟು, ಅಮೆರಿಕದ ಕಪ್ಪು ಜನರ 'ಸೋಲ್' ಎಂಬ ಬಗೆಯ ಹಾಡುಗಳನ್ನು ಟ್ರಂಪೆಟ್ ಊದಿ, ಬೆವರಿಳಿಸಿ ಹಾಡುತ್ತಿದ್ದರು. ಎರಡೇ ವರ್ಷ ಬಾರಿಸಿ ಬ್ಯಾಂಡು ಮುಚ್ಚಿದರಂತೆ. ಸಮುದ್ರದಾಚೆಯ ಹಾಡನ್ನು ಅವರು ತಮ್ಮದು ಮಾಡಿಕೊಂಡರೆ ನಾವೇನು ಕಡಿಮೆ ಅನ್ನಿಸಿತು.

ನಾನು ಕೀಬೋರ್ಡಿಗೆ ಕೂತೆ. ಹಾಡಲು ನಮ್ಮ ಓಣಿಯ ಲೈನ್‌ಮನ್ ಸಿಕ್ಕ. ಡ್ರಮ್ಮಿಗೆ ವೆಲ್ಡಿಂಗ್ ಅಂಗಡಿಯವನು ಬಂದ. ಬಡಿಯುವುದು ಅವನಿಗೆ ಹೊಸದಲ್ಲ. ಟ್ರಂಪೆಟ್ಟಿಗೆ ಮದುವೆ ಬ್ಯಾಂಡಿನ ಚಾಚಾ ಬೇಕೇ ಬೇಕಿತ್ತು. ಅವರು ಒಂದೇ ಒಂದು ಷರತ್ತು ಹಾಕಿದರು.

"ನಲವತ್ತು ವರ್ಷ ಮದುಮಗನ ಕುದುರಿ ಮುಂದ ನಡಕೋತ ಊದೇನಿ ತಮ್ಮಾ. ಕುಣಿಯೋರು ಕುಣಿದ್ರು, ಹಾದಿ ಬಿಡೋರು ಬಿಟ್ರು, ಕುಂತು ಕೇಳಿದಾವ ಒಬ್ಬನೂ ಇಲ್ಲ. ಒಂದ ಹಾಡು, ಮೊದಲಿಂದ ಕಡೀತನ, ಜನ ಕುಂತು ಕೇಳ್ಬೇಕು. ಅಷ್ಟಾತಂದ್ರ ಟ್ರಂಪೆಟ್ ಪೆಟ್ಟಿಗ್ಯಾಗ ಇಟ್ಟುಬಿಡ್ತೇನಿ."

"ಅಷ್ಟ ಏನ್ರಿ ಚಾಚಾ? ಮೊದಲನೇ ಕಾರ್ಯಕ್ರಮದಾಗ ಆಕ್ಕೈತಿ," ಅಂದೆ ನಾನು.

ಕೋಟು

ಮೊದಲ ಕಾರ್ಯಕ್ರಮ ಇಂಡಿಯಲ್ಲಿ, ಒಂದು ಹುಟ್ಟುಹಬ್ಬದ್ದು. ಬಿಳಿ ಅಂಗಿ, ಕರಿಕೋಟು ತೊಟ್ಟು ಬಸ್ಸಿಳಿದು ಕೋರ್ಟಿನ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದೆವು. ಸಾಲೋಟಗಿ ಕಡೆಯ ರೈತರೊಬ್ಬರು ಬಂದು ಕೈಮುಗಿದರು. ಹೊಲದ ಪಹಣಿ ಉತಾರ ತೆಗೆದು ವೆಲ್ಡಿಂಗ್‌ನವನ ಕೈಗಿಟ್ಟು, ಒಡಹುಟ್ಟಿದ ತಮ್ಮ ಬದು ಒತ್ತಿದ ಕಥೆಯನ್ನು ಅಜ್ಜನ ಕಾಲದಿಂದ ಹೇಳತೊಡಗಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮವನು ಉತಾರವನ್ನು ಹಿಂದೆ ಮುಂದೆ ತಿರುವಿ ನೋಡಿ, "ಅಣ್ಣತಮ್ಮ ಇಬ್ಬರೂ ಹೊಲಕ್ಕ ಹೋಗ್ರಿ. ಬುತ್ತಿ ಒಂದ ಒಯ್ರಿ. ಬದುವಿನ ಮ್ಯಾಲ ಕುಂತು ಉಂಡು ಮಾತಾಡ್ರಿ," ಅಂದ.

ರೈತರು ಉತಾರವನ್ನು ವಾಪಸ್ ಇಸಿದುಕೊಂಡರು. ಮಡಚಿ ಕಿಸೆಗೆ ಹಾಕಿದರು. "ಇಷ್ಟ ವರ್ಷದಾಗ ಒಬ್ಬ ವಕೀಲರೂ ಹಿಂಗ ನೆಟ್ಟಗ ಹೇಳಿದ್ದಿಲ್ರಿ," ಎಂದು ನಾಲ್ಕೂ ಜನರ ಚಹಾ ತಾವೇ ಕೊಡಿಸಿ ಹೋದರು.

ಸುದ್ದಿ ಹಬ್ಬಿ ಇನ್ನೂ ಮೂವರು ಕಕ್ಷಿದಾರರು ಸಾಲು ಹಚ್ಚಿದರು. ನಾವು ಹಾಲ್ ತಲುಪುವಷ್ಟರಲ್ಲಿ ಕೇಕ್ ಮುಗಿದು ಜನ ಚಪ್ಪಲಿ ಮೆಟ್ಟುತ್ತಿದ್ದರು.

ಶಾಲು

ಎರಡನೆಯದು ಝಳಕಿಯ ರಾಜ್ಯೋತ್ಸವ. ಕೆಳಗೆ ಕುರ್ಚಿ ತುಂಬ ಜನ ಕೂತಿದ್ದರು. ಚಾಚಾನ ಮುಖ ಅರಳಿತು.

ಮೊದಲು ಅತಿಥಿಗಳಿಗೆ ಸನ್ಮಾನ ಅಂದರು. ಶಾಲು, ಹಾರ, ಪೇಟ. ಅತಿಥಿಗಳ ಜೊತೆ ಬಂದವರಿಗೆ ಸನ್ಮಾನ. ಶಾಲು ಹೊದಿಸಿದವರಿಗೆ ಯಾರೂ ಹೊದಿಸಲಿಲ್ಲವೆಂದು ಅವರಿಗೂ ಸನ್ಮಾನ. ಪೆಂಡಾಲಿನವರಿಗೆ, ಮೈಕಿನವರಿಗೆ, ಕಡೆಗೆ "ಸಿಂದಗಿಯಿಂದ ಬಂದಂಥಾ ಕಲಾವಿದರಿಗೆ". ನಾವೂ ಪೇಟ ಸುತ್ತಿಸಿಕೊಂಡೆವು. ಅದೇ ಉಸಿರಿನಲ್ಲಿ ನಿರೂಪಕರು ವಂದನಾರ್ಪಣೆ ಮುಗಿಸಿಬಿಟ್ಟರು.

"ಸರ್, ನಾವು ಇನ್ನಾ ಬಾರ್ಸಿಲ್ರಿ," ಅಂದೆ.

"ಹೌದಲ್ಲ! ಹಂಗಾರ ರಾಷ್ಟ್ರಗೀತೆ ನೀವ ಬಾರಿಸಿಬಿಡ್ರಿ."

ಬಾರಿಸಿದೆವು. ಒಂದು ಸ್ವರವೂ ತಪ್ಪಲಿಲ್ಲ. ಇಡೀ ಸಭೆ ಎದ್ದು ನಿಂತಿತ್ತು. ಚಾಚಾ ಟ್ರಂಪೆಟ್ ಒರೆಸುತ್ತ ಅಂದರು: "ಇದ್ದ ಒಂದ ಹಾಡಿಗೂ ಎಬ್ಬಿಸಿ ನಿಂದ್ರಿಸಿದ್ರಲ್ಲ ತಮ್ಮಾ!"

ಕಂಬ

ಮುದ್ದೇಬಿಹಾಳದಲ್ಲಿ ಬಟ್ಟೆ ಅಂಗಡಿಯ ಉದ್ಘಾಟನೆ. ಇಲ್ಲಿ ಸನ್ಮಾನ ಇಲ್ಲವೆಂದು ಮೊದಲೇ ಬಾಯಿಮಾತು ತೆಗೆದುಕೊಂಡಿದ್ದೆ. ಜನ ಕೂತರು, ಹಾಡು ಶುರುವಾಯಿತು, ಅರ್ಧಕ್ಕೆ ಕರೆಂಟು ಹೋಯಿತು.

ಟ್ರಂಪೆಟ್ಟಿಗೆ ಕರೆಂಟು ಯಾಕೆ ಬೇಕು? ಚಾಚಾ ಊದುತ್ತಲೇ ಇದ್ದರು. ಆದರೆ ನಮ್ಮ ಗಾಯಕ ಎಷ್ಟಾದರೂ ಲೈನ್‌ಮನ್, ಅವನಿಗೆ ತಡೆಯಲಾಗಲಿಲ್ಲ. ಕರಿಕೋಟಿನಲ್ಲೇ ಹೊರಗೆ ಹೋಗಿ, ಯಾರ ಯಾರಿಗೋ ಫೋನ್ ಹಚ್ಚಿ ಲೈನ್ ಬಂದ್ ಮಾಡಿಸಿ, ಸರಸರ ಕಂಬ ಹತ್ತಿದ. ಕೂತ ಜನವೆಲ್ಲ ಎದ್ದು ಕಂಬದ ಬುಡಕ್ಕೆ ಓಡಿತು. ಚಾಚಾ ಖಾಲಿ ಕುರ್ಚಿಗಳಿಗೆ ಊದಿದರು.

ಕರೆಂಟು ಬಂತು. ಸಿಳ್ಳೆ, ಚಪ್ಪಾಳೆ! ನಮ್ಮ ಬ್ಯಾಂಡಿಗೆ ಅಂಥ ಚಪ್ಪಾಳೆ ಅದೇ ಮೊದಲು. ಗಾಯಕ ಇಳಿದು ಕೋಟು ಜಾಡಿಸಿಕೊಳ್ಳುತ್ತಿದ್ದಾಗ ಗುಂಪಿನಿಂದ ಒಬ್ಬ ಕೂಗಿದ: "ಒನ್ಸ್ ಮೋರ್!"

ಪಂಕ್ತಿ

ಕಡೆಯದು ಬಸವನ ಬಾಗೇವಾಡಿಯ ಮದುವೆ. ಅಷ್ಟರಲ್ಲಿ ಚಾಚಾ, "ಇದೊಂದ ನೋಡೂದು. ಆಗಲಿಲ್ಲಂದ್ರ ಸಾಕು," ಅಂದಿದ್ದರು. ಅವರು ಹಾಗೆ ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಹೆದರಿಕೆಯಾಯಿತು.

ಅಕ್ಷತೆಯ ಅಕ್ಕಿಕಾಳು ಬೀಳುವುದೇ ತಡ, ಹಾಲ್ ಖಾಲಿ. ಎಲ್ಲರೂ ಊಟಕ್ಕೆ ನುಗ್ಗಿದ್ದರು. ಹೋಗಿ ನೋಡಿದರೆ ಪಂಕ್ತಿ ಹಾಕಿ ಎಲೆಯ ಮುಂದೆ ಕೂತಿದ್ದಾರೆ. ಉಪ್ಪು, ಚಟ್ನಿ, ಬದನೆಕಾಯಿ ಪಲ್ಯ ಬಿದ್ದಿದೆ. ಗೋಧಿ ಹುಗ್ಗಿ ಇನ್ನೂ ಒಲೆಯ ಮೇಲಿದೆ. ಪ್ರತಿಯೊಬ್ಬರ ಬೆನ್ನ ಹಿಂದೆಯೂ ಮುಂದಿನ ಪಂಕ್ತಿಯವನೊಬ್ಬ ಕಾದು ನಿಂತಿದ್ದಾನೆ. ಎದ್ದರೆ ಜಾಗ ಹೋಯಿತು!

ಚಾಚಾನ ಕಣ್ಣು ಹೊಳೆಯಿತು. "ತಮ್ಮಾ, ಇವರು ಏಳಂಗಿಲ್ಲ. ತರ್ರಿ ಸಾಮಾನು!"

ಪಂಕ್ತಿಯ ತಲೆಗೆ ನಿಂತು ಶುರು ಮಾಡಿದೆವು. ಮೊದಲ ಚರಣಕ್ಕೆ "ಹುಗ್ಗಿ ತರ್ರೋ" ಎಂಬ ಕೂಗು ಬಂತು. ಎರಡನೆಯದಕ್ಕೆ ಕೂಗು ನಿಂತಿತು. ಮೂರನೆಯದಕ್ಕೆ ಚಟ್ನಿ ನೆಕ್ಕುತ್ತಿದ್ದವರ ಬೆರಳು ಬಾಯಲ್ಲೇ ಉಳಿಯಿತು. ಲೈನ್‌ಮನ್ ಹಾಡಿದ ಇಂಗ್ಲಿಷು ಅಲ್ಲಿ ಯಾರಿಗೂ ತಿಳಿಯಲಿಲ್ಲ, ನನಗೂ ಅಷ್ಟಕ್ಕಷ್ಟೇ. ಆದರೆ ಚಾಚಾ ಊದಿದ್ದು ಎಲ್ಲರಿಗೂ ತಿಳಿಯಿತು.

ಅಷ್ಟರಲ್ಲಿ ಬಕೆಟ್ ಹಿಡಿದು "ಹುಗ್ಗಿ, ಹುಗ್ಗಿ" ಎನ್ನುತ್ತ ಬಡಿಸುವವನು ಬಂದ. ಮೊದಲ ಎಲೆಯ ಅಜ್ಜಿ ಕೈ ಅಡ್ಡ ಹಿಡಿದಳು. "ನಿಂದ್ರೋ! ಅವ್ರು ಊದೂದು ಮುಗೀಲಿ. ಹುಗ್ಗಿ ಎಲ್ಲಿ ಓಡಿ ಹೋಕ್ಕೈತಿ?"

ಬಕೆಟ್ ನಿಂತಿತು. ಚಾಚಾ ಹಾಡನ್ನು ಕಡೆಯವರೆಗೆ ಊದಿದರು. ಕೊನೆಯ ಸ್ವರವನ್ನು ಬಿಡಲೇ ಮನಸ್ಸಿಲ್ಲದವರಂತೆ ಎಳೆದರು. ಬಲಗೈಗೆಲ್ಲ ಚಟ್ನಿ, ಚಪ್ಪಾಳೆ ಹೊಡೆಯುವುದು ಹೇಗೆ? ಇಡೀ ಪಂಕ್ತಿ ಎಡಗೈಯಿಂದ ತೊಡೆ ಬಡಿಯಿತು. ಚಾಚಾ ಅತ್ತರು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಹಿಂದೆ ನಿಂತವರು ಬಿಡುತ್ತಾರೆಯೇ? "ನಾವು ನಿಂತು ಕೇಳೇವಿ. ನಮ್ಮ ಪಂಕ್ತಿಗೂ ಅದ ಹಾಡು ಆಗ್ಬೇಕು," ಎಂದು ಹಟ ಹಿಡಿದರು. ಆಯಿತು. ಮೂರನೆಯ ಪಂಕ್ತಿಗೂ ಆಯಿತು. ಒಂದೇ ಸಲ ಎಂದಿದ್ದ ಚಾಚಾನ ತುಟಿ ಬಾತುಕೊಂಡಿತ್ತು, ನಗು ಮಾತ್ರ ಇಳಿದಿರಲಿಲ್ಲ.

ನಾಲ್ಕನೆಯ ಪಂಕ್ತಿಗೆ ಎಲೆ ಹಾಕುತ್ತ ಬಂದ ಬಡಿಸುವವನು ಗಕ್ಕನೆ ನಿಂತ. ಮೊದಲ ಜಾಗದಲ್ಲಿ ಅದೇ ಅಜ್ಜಿ ಸೆರಗು ಹೊದ್ದು, ಚಕ್ಕಳಮಕ್ಕಳ ಹಾಕಿ ಕೂತಿದ್ದಳು.

"ಯವ್ವಾ, ನಿಂದು ಆಗ್ಲೇ ಊಟ ಆಗೈತಲ್ಲ! ಮತ್ಯಾಕ ಕುಂತಿ?"

ಅಜ್ಜಿ ಎಲೆಯನ್ನು ಅತ್ತ ಸರಿಸಿದಳು. "ನಿನ್ನ ಹುಗ್ಗಿ ಯಾರಿಗೆ ಬೇಕಾಗೈತೋ? ಸರಿ ಆಕಡೆ, ಊದಾವ್ರು ಕಾಣವಲ್ರು!"