ಟೋಪಿ ತೆಗೆಯಬೇಕಾದ ಸಂಜೆ

ಇಷ್ಟಕ್ಕೆಲ್ಲ ಕಾರಣ ಒಂದು ಟೋಪಿ. ಅದೂ ಬೆದ್ರಿ ಆಸೆಪಟ್ಟು ಕೊಂಡದ್ದಲ್ಲ, ಕೆಲಸದ ಜೊತೆ ಬಂದದ್ದು. ಉಸ್ಕುದಾರಿನಿಂದ ಆಚೆ ದಡದ ಎಮಿನೋನುವಿಗೆ ಜನರನ್ನು ದಾಟಿಸುವ ಹಡಗಿನಲ್ಲಿ ಅವನು ಹಗ್ಗದಾಳು. ಹಡಗು ದಡ ಮುಟ್ಟಿದಾಗ ಹಗ್ಗ ಎಸೆದು ಕಟ್ಟಬೇಕು, ಹೊರಡುವಾಗ ಬಿಚ್ಚಬೇಕು. ನೀಲಿ ಅಂಗಿ, ನೀಲಿ ಟೋಪಿ ಕಡ್ಡಾಯ. ಟೋಪಿಯ ಕೆಳಗೆ ಏನಿದೆ ಎಂದು ಮೇಲಿನವರು ಕೇಳುವುದಿಲ್ಲ. ಕೇಳಿದ್ದರೂ ಹೇಳುವಂಥದ್ದೇನೂ ಅಲ್ಲಿ ಇರಲಿಲ್ಲ. ಹಿಂದುಗಡೆ ಕಿವಿಯಿಂದ ಕಿವಿಗೆ ಒಂದು ಪಟ್ಟಿ ಕೂದಲು. ಮುಂದೆ, ಹಣೆ ಎಲ್ಲಿ ಮುಗಿದು ತಲೆ ಎಲ್ಲಿ ಶುರುವಾಯಿತು ಎಂದು ಅವನ ಹೆತ್ತ ತಾಯಿಯೂ ತೋರಿಸಲಾರಳು.

ಈ ಸಂಗತಿ ನಮ್ಮ ಬೀದಿಗೆಲ್ಲ ಗೊತ್ತು. ಗೊತ್ತಿಲ್ಲದವಳು ನೆರ್ಮಿನ್ ಒಬ್ಬಳೇ ಎಂದು ಬೆದ್ರಿ ನಂಬಿದ್ದ. ಎಮಿನೋನುವಿನ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ದಿನಾ ಬೆಳಿಗ್ಗೆ ಹಗ್ಗದ ಕಂಬದ ಪಕ್ಕ ನಿಂತು ಅರ್ಧ ಸಿಮಿತ್ ರೊಟ್ಟಿ ತಾನು ತಿಂದು ಇನ್ನರ್ಧ ಕಡಲಕ್ಕಿಗಳಿಗೆ ಎಸೆಯುತ್ತಿದ್ದಳು. ಮೊದಲು ಹವಾಮಾನದ ಮಾತು, ಆಮೇಲೆ ಹಕ್ಕಿಗಳ ಮಾತು, ಆಮೇಲೆ ಬೇರೆ ಮಾತು. ಎರಡು ವರ್ಷದಲ್ಲಿ ಬೆದ್ರಿ ಒಮ್ಮೆಯೂ ಅವಳೆದುರು ಟೋಪಿ ತೆಗೆದಿರಲಿಲ್ಲ. ಹೋದ ತಿಂಗಳು ಅವಳೇ ಅಂದಳು: "ಹೀಗೇ ಹಡಗಲ್ಲೇ ಮುದುಕರಾಗೋದು ಬೇಡ. ಮನೆಗೆ ಬಂದು ಅಪ್ಪ ಅಮ್ಮನ್ನ ಕೇಳಿ."

ಹೆಣ್ಣು ಕೇಳುವ ದಿನ ಇವತ್ತು. ಸಂಜೆ ಅವಳ ಮನೆಯಲ್ಲಿ, ಹಿರಿಯರ ಎದುರು, ದೀಪದ ಕೆಳಗೆ ಕೂರಬೇಕು. ಟೋಪಿ ಹಾಕಿಕೊಂಡು ಕೂರುವ ಹಾಗಿಲ್ಲ.

"ಅದೂ ಎಂಥಾ ಮನೆ ಗೊತ್ತಾ," ಎಂದಳು ತಾಯಿ ಹಾಜೆರ್, ಬೆಳಿಗ್ಗೆ ಚಹಾ ಸುರಿಯುತ್ತ. "ಆ ಹುಡುಗಿ ತಾಯಿ ಫಹ್ರಿಯೆ ಕರಿಜೀರಿಗೆ ಎಣ್ಣೆ ಮಾಡಿ ಇಡೀ ಕೇರಿಗೆ ಮಾರ್ತಾಳೆ. ಗಂಡನ ತಲೆ ಬೋಳಾಗಿತ್ತಂತೆ, ಇವಳು ತಿಕ್ಕಿ ತಿಕ್ಕಿ ಕೂದಲು ಬರಿಸಿದಳಂತೆ. ಈಗ ಆ ಕಾಜಿಮ್ ಸಾಹೇಬರ ತಲೆ ನೋಡಬೇಕು, ಕಾಲೇಜು ಹುಡುಗರ ಥರ ಇದೆ."

ಬೆದ್ರಿಯ ಗಂಟಲಲ್ಲಿ ಆಲಿವ್ ಕಾಯಿ ಸಿಕ್ಕಿಕೊಂಡಿತು. ಕೂದಲಿಗೆ ಅಷ್ಟು ಬೆಲೆ ಕೊಡುವ ಮನೆಗೆ ಈ ತಲೆ ಹೊತ್ತುಕೊಂಡು ಹೋಗುವುದು ಹೇಗೆ? ಬೋಳು ಕಂಡ ಕೂಡಲೇ ನೆರ್ಮಿನ್ ಮುಖ ತಿರುಗಿಸಿದರೆ? ಮೂವತ್ತೆಂಟು ವರ್ಷಕ್ಕೆ ಒಂದು ಹೆಣ್ಣು ಅವನನ್ನು ನೋಡಿ ನಕ್ಕಿದ್ದಾಳೆ, ಇನ್ನೊಬ್ಬಳು ನಗಲು ಇನ್ನು ಮೂವತ್ತೆಂಟು ವರ್ಷ ಕಾಯಲಾಗುತ್ತದೆಯೇ?

ಹಡಗಿನಲ್ಲಿ ಚಹಾ ಮಾರುವ ಜೆಕಿಯ ಹತ್ತಿರ ಇದನ್ನು ಹೇಳಿಕೊಂಡದ್ದು ಆ ದಿನದ ಮೊದಲ ತಪ್ಪು. ಜೆಕಿ ಒಳ್ಳೆಯವನು, ಆದರೆ ಬೇರೆಯವರ ಕಷ್ಟ ಕಂಡರೆ ಅವನಿಗೆ ಹಬ್ಬ.

"ಅಣ್ಣಾ, ಬಾವಿ ಪಕ್ಕ ನಿಂತು ಬಾಯಾರಿಕೆ ಅಂತಿದೀಯಲ್ಲ," ಎಂದ ಅವನು, ಎದುರು ಬೆಂಚಿನ ಕಡೆ ಕಣ್ಣು ಹೊರಳಿಸುತ್ತ. ಅಲ್ಲಿ ತಲೆಗೆ ಕಪ್ಪು ಪಟ್ಟಿ ಕಟ್ಟಿಕೊಂಡ ನಾಲ್ವರು ಪರದೇಶದವರು ಸಾಲಾಗಿ ಕೂತು ಚಹಾ ಹೀರುತ್ತಿದ್ದರು. ನಮ್ಮೂರಲ್ಲಿ ಅಂಥವರನ್ನು ಯಾರೂ ತಿರುಗಿ ನೋಡುವುದಿಲ್ಲ. ಜಗತ್ತೆಲ್ಲ ಇಲ್ಲಿಗೆ ಬಂದು ಕೂದಲು ನೆಡಿಸಿಕೊಂಡು ಹೋಗುತ್ತದೆ; ಇಲ್ಲೇ ಹುಟ್ಟಿದ ಬೆದ್ರಿಗೆ ಮಾತ್ರ ಧೈರ್ಯವಿಲ್ಲ.

"ನನ್ನ ಭಾವ ಅಂಥದೊಂದು ಕ್ಲಿನಿಕ್ಕಲ್ಲೇ ಇರೋದು. ಇವತ್ತು ಮಧ್ಯಾಹ್ನ ಯಾರೋ ಜರ್ಮನಿಯವನು ಬರಲ್ಲ ಅಂದಿದಾನಂತೆ. ಜಾಗ ಖಾಲಿ. ಹೋಗಿ ಮಲಗಿಬಿಡು."

"ಸಂಜೆ ಹೆಣ್ಣು ಕೇಳೋಕೆ ಹೋಗ್ಬೇಕಲ್ಲೋ."

"ಜ್ವರ ಅಂತ ಹೇಳಿ ಕಳಿಸು. ಒಂದು ವರ್ಷ ಬಿಟ್ಟು ತಲೆ ತುಂಬ ಕೂದಲು ಇಟ್ಕೊಂಡು ಹೋಗು."

"ಒಂದು ವರ್ಷ ಇರೋ ಜ್ವರ ಯಾವುದೋ?"

"ಅದನ್ನ ಆಮೇಲೆ ಯೋಚಿಸೋಣ," ಎಂದು ಜೆಕಿ ಭಾವನಿಗೆ ಫೋನು ಹಚ್ಚಿಯೇಬಿಟ್ಟ.

ಸುಮ್ಮನೆ ಕೇಳಿಕೊಂಡು ಬರೋಣ ಎಂದು ಬೆದ್ರಿ ಜೆಕಿಯ ಜೊತೆ ಹೋದ. ಆದರೆ ಅಲ್ಲಿ ಸುಮ್ಮನೆ ಕೇಳುವವರಿಗೆಂದು ಕುರ್ಚಿಯೇ ಇರಲಿಲ್ಲ. ಬಾಗಿಲು ದಾಟಿದ ಕೂಡಲೇ ಕಾಲಿಗೆ ಚಪ್ಪಲಿ, ಮೈಗೆ ಹಸಿರು ಅಂಗಿ ಬಂದವು. ಬಿಳಿ ಕೋಟಿನ ಹುಡುಗಿಯೊಬ್ಬಳು ಅವನ ಗದ್ದ ಹಿಡಿದೆತ್ತಿ ಹಣೆಯ ಮೇಲೆ ನೀಲಿ ಶಾಯಿಯಲ್ಲಿ ಗೆರೆ ಎಳೆಯತೊಡಗಿದಳು.

"ಎಳೆಯೋದೇ ಆದ್ರೆ ಇನ್ನೊಂದು ಬೆರಳು ಕೆಳಗೆ ಎಳೀರಿ," ಎಂದ ಜೆಕಿ. "ಜಿಪುಣತನ ಯಾಕೆ?"

"ವಯಸ್ಸಿಗೆ ಒಪ್ಪಬೇಕಲ್ಲ," ಎಂದಳು ಹುಡುಗಿ.

"ಮದುವೆ ಗಂಡು ಅಮ್ಮಾ. ಸ್ವಲ್ಪ ಧಾರಾಳವಾಗಿರಲಿ."

ಧಾರಾಳವಾಗಿಯೇ ಎಳೆದಳು. ಕಿವಿಯಿಂದ ಹೊರಟು, ಹಣೆಯ ಮೇಲೆ ಒಂದು ಸುತ್ತು ಹೊಡೆದು, ಇನ್ನೊಂದು ಕಿವಿಗೆ ಹೋದ ಗೆರೆ. ನಡುವೆ ಎರಡು ಬಾಣದ ಗುರುತು ಬೇರೆ. ಆಮೇಲೆ ಯಂತ್ರ ತಂದಳು. "ಇರೋ ಕೂದಲನ್ನ ಪೂರ್ತಿ ಬೋಳಿಸ್ತೀವಿ. ನಾಲ್ಕೈದು ದಿನ ಮುಖ ಊದಿಕೊಳ್ಳುತ್ತೆ. ನೆಟ್ಟ ಕೂದಲು ಮೊದಲು ಉದುರುತ್ತೆ, ಹೆದರಬೇಡಿ, ಆಮೇಲೆ ನಿಧಾನಕ್ಕೆ ಬರುತ್ತೆ."

ಬೆದ್ರಿ ಗೋಡೆಯ ಗಡಿಯಾರ ನೋಡಿದ. ಇಷ್ಟು ಹೊತ್ತಿಗೆ ನೆರ್ಮಿನ್ ಅಂಗಡಿಯಲ್ಲಿ ಅರ್ಧ ದಿನ ರಜೆ ಕೇಳಿ ಮನೆಗೆ ಹೊರಟಿರುತ್ತಾಳೆ. ಕಾಫಿ ಬಟ್ಟಲುಗಳನ್ನು ತೊಳೆದಿಡುತ್ತಾಳೆ. ಅವಳಿಗೆ ಜ್ವರ ಎಂದು ಹೇಳಿ ಕಳಿಸುವುದೇ? ಬಿಟ್ಟು ಹೋಗುವವಳಾದರೆ ಬೋಳು ನೋಡಿ ಬಿಟ್ಟು ಹೋಗಲಿ. ಸುಳ್ಳು ಕೇಳಿ ಬಿಟ್ಟು ಹೋದರೆ ತಡೆಯಲಾಗುವುದಿಲ್ಲ. ಅವನು ದಡಕ್ಕನೆ ಎದ್ದು ನಿಂತ.

"ಬೇಡಮ್ಮಾ. ಇರೋ ತಲೇಲೇ ಹೋಗ್ತೀನಿ."

ಜೀವಮಾನದಲ್ಲಿ ಅವನು ಮಾಡಿದ ಏಕೈಕ ಧೈರ್ಯದ ಕೆಲಸ ಅದು. ಲಿಫ್ಟಿನ ಕನ್ನಡಿಯಲ್ಲಿ ಮುಖ ಕಾಣುವವರೆಗೂ ಆ ಧೈರ್ಯ ಉಳಿದಿತ್ತು. ನೀಲಿ ಗೆರೆ, ಎರಡು ಬಾಣ. ಉಗುಳು ಹಚ್ಚಿ ಉಜ್ಜಿದ, ಹೋಗಲಿಲ್ಲ. ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ಸೀದಾ ನಮ್ಮ ಬೀದಿಯ ಕ್ಷೌರದ ರಿಜಾ ಉಸ್ತಾದನ ಅಂಗಡಿಗೆ ಓಡಿದ. ಬೆದ್ರಿಗೆ ತಂದೆಯಿಲ್ಲ, ಸಂಜೆ ಹಿರಿಯನಾಗಿ ನಿಂತು ಹೆಣ್ಣು ಕೇಳಬೇಕಾದವನು ಇದೇ ಉಸ್ತಾದ್.

ಉಸ್ತಾದ್ ಸೋಪು ಹಾಕಿದ, ನಿಂಬೆ ಹಿಂಡಿದ, ಪಾತ್ರೆ ಉಜ್ಜುವ ಪುಡಿಯನ್ನೂ ತಂದ. ತಲೆ ಕೆಂಪಾಯಿತು, ಗೆರೆ ಇನ್ನೂ ಚೆನ್ನಾಗಿ ಕಂಡಿತು.

"ಇದನ್ನ ಹೊತ್ಕೊಂಡು ಹೋದ್ರೆ ಆಸ್ಪತ್ರೆಯಿಂದ ತಪ್ಪಿಸ್ಕೊಂಡು ಬಂದವನು ಅಂತಾರೆ," ಎಂದು ಉಸ್ತಾದ್ ಕಪಾಟಿನಿಂದ ಒಂದು ಡಬ್ಬಿ ತೆಗೆದ. ತೆಳು ಕೂದಲಿನವರ ತಲೆಯ ಮೇಲೆ ಉದುರಿಸುವ ಕಪ್ಪು ಪುಡಿ. ಬೇರೆಯವರಿಗೆ ಚಿಟಿಕೆ ಸಾಕು, ಬೆದ್ರಿಗೆ ಡಬ್ಬಿಯೇ ಖಾಲಿಯಾಯಿತು. ಮೇಲೆ ಅಂಟು ಸಿಂಪಡಿಸಿ ದೂರ ನಿಂತು ನೋಡಿದ. "ದೂರದಿಂದ ಪರವಾಗಿಲ್ಲ. ನೀರು ಮುಟ್ಟಿಸಬೇಡ. ಬೆವರಬೇಡ."

"ಬೆವರದೆ ಇರೋದು ಹೇಗೆ ಉಸ್ತಾದ್?"

"ಹೆದರಬೇಡ."

ಇಂಥ ಮಾತು ಹೇಳಿ ಯಾರ ಹೆದರಿಕೆ ಹೋಗಿದೆ? ದಾರಿಯುದ್ದಕ್ಕೂ ಬೆದ್ರಿ ಮೋಡ ನೋಡಿದ, ಮಹಡಿಗಳಲ್ಲಿ ಒಣಗಲು ಹಾಕಿದ ಬಟ್ಟೆ ನೋಡಿದ, ಕಡಲಕ್ಕಿಗಳನ್ನು ನೋಡಿದ. ಒಂದೂ ಹನಿ ಬೀಳಲಿಲ್ಲ. ಜೆಕಿ ತನ್ನ ಕಾರಿನಲ್ಲಿ ಎಲ್ಲರನ್ನೂ ಕರೆದುಕೊಂಡು ಹೋಗಿ ನೆರ್ಮಿನ್ ಮನೆಯ ಮುಂದೆ ಇಳಿಸಿದ. "ನಾನು ಇಲ್ಲೇ ಇರ್ತೀನಿ. ಸುದ್ದಿ ಮೊದಲು ನನಗೇ ಹೇಳ್ಬೇಕು," ಎಂದ. ತಾಯಿ ಚಾಕಲೇಟಿನ ಬುಟ್ಟಿ ಹಿಡಿದಳು, ಬೆದ್ರಿ ಹೂವು ಹಿಡಿದ, ಉಸ್ತಾದ್ ಗಂಟಲು ಸರಿಮಾಡಿಕೊಂಡ. ಬಾಗಿಲಲ್ಲಿ ಬೆದ್ರಿ ಕಣ್ಣು ಮುಚ್ಚಿಕೊಂಡು ಟೋಪಿ ತೆಗೆದ.

ಏನೂ ಆಗಲಿಲ್ಲ. ಫಹ್ರಿಯೆ ಬನ್ನಿ ಬನ್ನಿ ಅಂದಳು. ಕಾಜಿಮ್ ಸಾಹೇಬರು ತಮ್ಮ ದಟ್ಟ ಕೂದಲನ್ನು ಹಿಂದಕ್ಕೆ ಸವರಿಕೊಳ್ಳುತ್ತ ಕೈ ಕುಲುಕಿದರು. ನೆರ್ಮಿನ್ ಅವನ ತಲೆಯನ್ನು ಒಮ್ಮೆ ನೋಡಿದಳು, ಹುಬ್ಬು ಸ್ವಲ್ಪ ಮೇಲೇರಿತು, ಅಷ್ಟೇ. ಬೆದ್ರಿಗೆ ಹೋದ ಜೀವ ಬಂದಂತಾಯಿತು. ಮೆತ್ತನೆಯ ಕುರ್ಚಿಯಲ್ಲಿ ಕೂತ.

ಆಗ ನೆರ್ಮಿನ್ ನಿಂಬೆ ಕೊಲೋನಿನ ಶೀಸೆ ಹಿಡಿದು ಬಂದಳು.

ಮನೆಗೆ ಬಂದವರ ಅಂಗೈಗೆ ಆ ಸುಗಂಧದ ನೀರು ಹಾಕುವುದು ನಮ್ಮಲ್ಲಿ ಮರ್ಯಾದೆ. ಬಸ್ಸಿನಲ್ಲಿ, ಹಬ್ಬದಲ್ಲಿ, ಸಾವಿನ ಮನೆಯಲ್ಲಿ, ಹುಟ್ಟಿದಾಗಿನಿಂದ ನಮ್ಮ ಕೈಗೆ ಅದು ಬೀಳುತ್ತಲೇ ಇರುತ್ತದೆ, ಬಿದ್ದ ಕೂಡಲೇ ಕೈ ತಾನಾಗಿ ತನ್ನ ಕೆಲಸ ಮಾಡುತ್ತದೆ. ಅಂಗೈ ಉಜ್ಜು, ಮುಖ ಸವರು, ತಲೆಯ ಮೇಲಿಂದ ಕತ್ತಿನವರೆಗೆ ಎಳೆ. ದಾರಿಯುದ್ದಕ್ಕೂ ಹನಿ ನೀರಿಗೆ ಹೆದರಿದ್ದ ಬೆದ್ರಿ ಎರಡೂ ಕೈ ಚಾಚಿದ, ನೆರ್ಮಿನ್ ಪ್ರೀತಿಯಿಂದ ಸ್ವಲ್ಪ ಹೆಚ್ಚೇ ಹಾಕಿದಳು, ಅವನು ಉಜ್ಜಿ, ಸವರಿ, ಎಳೆದ.

ಕೈ ಕತ್ತಿಗೆ ಬಂದಾಗ ಅವನಿಗೆ ಗೊತ್ತಾಯಿತು. ಎದುರಿಗಿದ್ದವರಿಗೆ ಅದಕ್ಕಿಂತ ಮೊದಲೇ ಗೊತ್ತಾಗಿತ್ತು. ಹುಬ್ಬಿನಿಂದ, ಮೂಗಿನ ತುದಿಯಿಂದ ಕಪ್ಪು ನೀರು ತೊಟ್ಟಿಕ್ಕಿ ಬಿಳಿ ಅಂಗಿಯ ಮೇಲೆ ಬೀಳುತ್ತಿತ್ತು. ಮೇಲೆ ಬೋಳು ತಲೆ ಫಳಫಳ ಹೊಳೆಯುತ್ತಿತ್ತು, ಅದರ ನಡುವೆ ನೀಲಿ ಗೆರೆ ಮತ್ತು ಎರಡು ಬಾಣ.

"ಇದೇನಿದು ನೀಲಿ?" ಎಂದಳು ಫಹ್ರಿಯೆ.

ಬೆದ್ರಿ ಬಾಯಿ ತೆರೆಯುವ ಮೊದಲೇ ಕಾಜಿಮ್ ಸಾಹೇಬರು ಎದ್ದು ಬಂದು ಅವನ ರಟ್ಟೆ ಹಿಡಿದರು. "ಟೋಪಿ ಬಣ್ಣ ಬಿಟ್ಟಿದೆ ಕಣೇ. ಸರ್ಕಾರಿ ಟೋಪಿ ಹಾಗೇ. ಬಾಪ್ಪ, ತೊಳ್ಕೊಳ್ಳುವಂತೆ." ಬಚ್ಚಲಿಗೆ ಎಳೆದುಕೊಂಡು ಹೋಗಿ ಚಿಲಕ ಹಾಕಿದರು.

ಬೆದ್ರಿ ಸೋಪಿಗೆ ಕೈ ಹಾಕಿದ.

"ಆ ಗೆರೆ ಉಜ್ಜಬೇಡ. ಮೂರು ದಿನ ಹೋಗಲ್ಲ," ಎಂದರು ಅವರು ಪಿಸುದನಿಯಲ್ಲಿ.

"ನಿಮಗೆ ಹೇಗೆ ಗೊತ್ತು ಸಾಹೇಬರೇ?"

ಅವರು ತಲೆ ಬಗ್ಗಿಸಿ ಹಿಂದುಗಡೆಯ ಕೂದಲನ್ನು ಬೆರಳಲ್ಲಿ ಬಿಡಿಸಿ ತೋರಿಸಿದರು. ಚರ್ಮದ ಮೇಲೆ ರವೆ ಉದುರಿಸಿದಂತೆ ಸಾಲು ಸಾಲು ಬಿಳಿ ಚುಕ್ಕೆ. "ಮಿಲಿಟರಿ ಗೆಳೆಯನ ತೋಟಕ್ಕೆ ತಿಂಗಳ ಮಟ್ಟಿಗೆ ಹೋಗ್ತೀನಿ ಅಂತ ಹೇಳಿ ಹೋಗಿ ನೆಡಿಸ್ಕೊಂಡು ಬಂದೆ. ಬಂದ ಮೇಲೆ ಇವಳು ಎಣ್ಣೆ ತಿಕ್ಕಿದಳು, ಕೂದಲು ಬಂತು, ನನ್ನ ಎಣ್ಣೆಯಿಂದ ಬಂತು ಅಂತ ಕುಣಿದಾಡಿಬಿಟ್ಟಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅಷ್ಟು ಖುಷಿ ಪಟ್ಟಿದ್ದನ್ನ ನಾನು ನೋಡಿರಲಿಲ್ಲ. ಹೇಗಪ್ಪ ಹೇಳಲಿ? ನೀನೂ ಹೇಳಬೇಡ."

ಇಬ್ಬರೂ ಹೊರಗೆ ಬಂದು ಕೂತರು. ನೆರ್ಮಿನ್ ಕಾಫಿ ತಂದಳು. ಹೆಣ್ಣು ಕೇಳಲು ಬಂದ ಗಂಡಿನ ಕಾಫಿಗೆ ಉಪ್ಪು ಸುರಿಯುವುದು, ಅವನು ಮುಖ ಕಿವುಚದೆ ಕುಡಿಯುವುದು ನಮ್ಮ ಪದ್ಧತಿ. ಬೆದ್ರಿ ಹಲ್ಲು ಕಚ್ಚಿ ಒಂದು ಗುಟುಕು ಕುಡಿದ. ಕಾಫಿ ಸಿಹಿಯಾಗಿತ್ತು.

"ಇವತ್ತಿಗೆ ನಿಮಗೆ ಸಾಕಷ್ಟು ಆಗಿದೆ," ಎಂದಳು ಅವಳು, ಅವನಿಗೊಬ್ಬನಿಗೇ ಕೇಳುವಂತೆ. ಅವನ ಕಣ್ಣು ತುಂಬಿ ಬಂತು.

ರಿಜಾ ಉಸ್ತಾದ್ ಗಂಟಲು ಸರಿಮಾಡಿಕೊಂಡ. "ಅಲ್ಲಾಹನ ಅಪ್ಪಣೆಯಂತೆ, ಪೈಗಂಬರರ ಮಾತಿನಂತೆ, ನಿಮ್ಮ ಮಗಳನ್ನ ನಮ್ಮ ಹುಡುಗನಿಗೆ ಕೊಡಿ ಅಂತ ಕೇಳೋಕೆ ಬಂದಿದೀವಿ."

"ಕೊಡ್ತೀನಿ," ಎಂದಳು ಫಹ್ರಿಯೆ, ಗಂಡನಿಗೆ ಬಾಯಿ ತೆರೆಯಲೂ ಬಿಡದೆ. "ಆದ್ರೆ ಉಂಗುರ ಈಗಲೇ ಅಲ್ಲ. ನನ್ನ ಎಣ್ಣೆ ಮನೇಲಿರೋವಾಗ ನನ್ನ ಅಳಿಯ ತಲೆಗೆ ಮಸಿ ಬಳ್ಕೊಂಡು ಬಂದ ಅಂತ ಕೇರಿಯವರು ಕೇಳಿದ್ರೆ ಏನಂತಾರೆ? ದಿನಾ ತಿಕ್ಕಲಿ. ಬೆರಳಿಗೆ ಸಿಗೋಷ್ಟು ಕೂದಲು ಬರಲಿ, ಅವತ್ತೇ ಉಂಗುರ. ನಮ್ಮ ಯಜಮಾನರ ತಲೆ ನೋಡಿ, ಬರುತ್ತೋ ಇಲ್ವೋ ನೀವೇ ಹೇಳಿ."

ಎಲ್ಲರೂ ಯಜಮಾನರ ತಲೆ ನೋಡಿದರು. ಯಜಮಾನರು ನೆಲ ನೋಡಿದರು.

ಹೊರಡುವಾಗ, ತಾಯಿಯೂ ಉಸ್ತಾದನೂ ಇನ್ನೂ ಒಳಗೆ ಮಾತಾಡುತ್ತಿದ್ದರು, ಬೆದ್ರಿ ಬಾಗಿಲಲ್ಲಿ ಬಗ್ಗಿ ಬೂಟು ಹಾಕಿಕೊಳ್ಳುತ್ತಿದ್ದ. ಫಹ್ರಿಯೆ ಅವನ ಕಂಕುಳಿಗೆ ಎಣ್ಣೆಯ ದೊಡ್ಡ ಶೀಸೆ ಸಿಕ್ಕಿಸಿ, "ಬೇರೆ ಏನಾದ್ರೂ ಹಚ್ಚಿದ್ದು ಗೊತ್ತಾದ್ರೆ ಹುಡುಗಿ ಇಲ್ಲ," ಎಂದು ಒಳಗೆ ಹೋದಳು. ಅವಳು ಹೋದ ಬೆನ್ನಿಗೇ ಕಾಜಿಮ್ ಸಾಹೇಬರು ಅವನ ಕಿವಿಯ ಹತ್ತಿರ ಬಗ್ಗಿದರು.

"ನಾಳೆಯೇ ಹೋಗಿ ನೆಡಿಸ್ಕೊಂಡುಬಿಡಪ್ಪ. ಈ ಎಣ್ಣೆಯಿಂದ ನಿನ್ನ ತಲೇಲಿ ಬರದಿದ್ರೆ ನನ್ನ ತಲೇಲಿ ಹೇಗೆ ಬಂತು ಅಂತ ಕೇಳ್ತಾಳೆ. ನೆಡಿಸ್ಕೊಂಡರೆ ಮಗಳು ನಿನ್ನವಳು. ಇಲ್ದಿದ್ರೆ ನಾನು ಒಪ್ಪಲ್ಲ."

ಅವರೂ ಒಳಗೆ ಹೋದರು. ನೆರ್ಮಿನ್ ಟೋಪಿ ತಂದುಕೊಟ್ಟಳು. ಕೊಡುವ ಮೊದಲು ಸುತ್ತ ನೋಡಿ, ಅವನ ಬೋಳಿನ ಮೇಲೆ ಒಮ್ಮೆ ಕೈಯಿಟ್ಟು ತೆಗೆದಳು.

"ಹೋದ ಚಳಿಗಾಲ ಗಾಳಿಗೆ ನಿಮ್ಮ ಟೋಪಿ ಹಾರಿತ್ತು. ಯಾರೂ ನೋಡಲಿಲ್ಲ ಅಂದ್ಕೊಂಡು ಓಡಿಹೋಗಿ ಹಿಡಿದು ಹಾಕ್ಕೊಂಡ್ರಿ. ನಾನು ನೋಡಿದೆ. ನಿಮ್ಮನ್ನೇ ಮದುವೆಯಾಗ್ಬೇಕು ಅಂತ ಅನ್ನಿಸಿದ್ದು ಅವತ್ತೇ. ಅಪ್ಪನ ಥರ ದಿನಕ್ಕೆ ಹತ್ತು ಸಲ ಬಾಚಿಕೊಳ್ಳೋ ಗಂಡ ನನಗೆ ಬೇಡ. ಈ ತಲೇಲಿ ಒಂದು ಹೊಸ ಕೂದಲು ಕಂಡರೂ ಮಾರನೇ ದಿನದಿಂದ ನಾನು ಹಡಗು ಹತ್ತಲ್ಲ, ಸಮುದ್ರದ ಕೆಳಗಿನ ರೈಲಲ್ಲೇ ಹೋಗ್ತೀನಿ." ಬಾಗಿಲು ಮುಚ್ಚಿಕೊಂಡಿತು.

ಬೆದ್ರಿ ಶೀಸೆ ಅಪ್ಪಿಕೊಂಡು ಮೆಟ್ಟಿಲಿಳಿದು ಬಂದ. ಕಾರಿಗೆ ಒರಗಿ ನಿಂತಿದ್ದ ಜೆಕಿ ಓಡಿ ಬಂದ.

"ಏನಾಯ್ತಣ್ಣ? ಹುಡುಗಿ ತಾಯಿ ಒಪ್ಪಿದ್ರಾ?"

"ಒಪ್ಪಿದ್ರು."

"ತಂದೆ?"

"ಒಪ್ಪಿದ್ರು."

"ಹುಡುಗಿ?"

"ಅವಳೂ ಒಪ್ಪಿದಳು."

"ಮತ್ತೆ ಯಾಕೆ ಹೀಗೆ ಮುಖ ಮಾಡ್ಕೊಂಡಿದೀಯಾ ಮಾರಾಯ?"

ಬೆದ್ರಿ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡ.

"ಒಬ್ಬೊಬ್ಬರು ಒಂದೊಂದು ತಲೆಗೆ ಒಪ್ಪಿದಾರೆ ಕಣೋ," ಎಂದ.