ಚೀಲಕ್ಕೆ ದರ ಎಲ್ಲಿ?

ಮುಂಜಾನೆ ಕಂಪ್ಯೂಟರ್ ತೆರೆದರೆ ಪರದೆ ತುಂಬ ಕೆಂಪು ಗೆರೆ. ಹೆಂಡತಿಯ ಜೊತೆ ಜಗಳಾಡಿ ಬಂದ ಮಾಸ್ತರ ತಿದ್ದಿದ ಉತ್ತರಪತ್ರಿಕೆಯ ಹಾಗೆ. ನೌಬಾದದ ಆ ಸಣ್ಣ ಆಫೀಸಿನಲ್ಲಿ ನಾಗಸೇನನ ಕೆಲಸವೇ ಅದು: ಯಾವ ಗೆರೆ ನಿಜವಾದ ತಪ್ಪು, ಯಾವುದು ಸುಳ್ಳು ದೂರು ಎಂದು ಬೇಳೆಯಲ್ಲಿ ಹರಳು ಆರಿಸಿದಂತೆ ಆರಿಸುವುದು.

ಗಾಂಧಿ ಗಂಜ್ ಎಂಬ ಕಾಳಿನ ಪೇಟೆಯ ಅಡತಿ ದಲಾಲಿ ಅಂಗಡಿಗಳಿಗಾಗಿ ಅಲ್ಲಿ ಪ್ರೋಗ್ರಾಂ ಬರೆಯುತ್ತಿದ್ದರು. ಬರೆದದ್ದನ್ನು ಓಡಿಸುವ ಮೊದಲೇ ಓದಿ ತಪ್ಪು ಹಿಡಿಯಲು ಟೈಪ್ ಚೆಕ್ಕರ್ ಎಂಬ ಇನ್ನೊಂದು ಪ್ರೋಗ್ರಾಂ ಇತ್ತು. ಪ್ರೋಗ್ರಾಮಿನಲ್ಲಿ ‘ಚೀಲ’ ಎಂಬುದೊಂದು ಡೇಟಾ ಕ್ಲಾಸು, ಅಂದರೆ ಮಾಹಿತಿಯ ನಮೂನೆ; ಅದರಲ್ಲಿ ತುಂಬಲು ಮೂರು ಫೀಲ್ಡು: ಮಾಲು, ತೂಕ, ದರ. ಗಂಜಿನಲ್ಲಿ ಮೊದಲು ಚೀಲ ಇಳಿಯುತ್ತದೆ, ಹರಾಜಿನ ಸವಾಲು ಮುಗಿದ ಮೇಲೆ ದರ ಬರುತ್ತದೆ. ದರವನ್ನು ಆಮೇಲೆ ತುಂಬುತ್ತೇವೆಂದು ಫೀಲ್ಡಿನ ಪಕ್ಕ ಬರೆದೂ ಇತ್ತು. ಚೆಕ್ಕರಿಗೆ ಅದು ತಿಳಿಯದು. ಚೀಲ ಇಳಿದಲ್ಲೆಲ್ಲ ‘ದರ ಎಲ್ಲಿ?’ ಎಂದು ಕೆಂಪು ಗೆರೆ ಎಳೆಯುತ್ತಿತ್ತು.

ಮಾಲಕ ಅಬ್ದುಲ ಮಜೀದ, ನಾಗಸೇನನೂ ಸೇರಿ ಇದ್ದ ಇಬ್ಬರು ಹಂಗಾಮಿ ಹುಡುಗರಲ್ಲಿ ಒಬ್ಬನನ್ನು ಅಂದು ಸಂಜೆ ಕಾಯಂ ಮಾಡುವವರಿದ್ದರು. ಊರು ಡಾಬಕಾದಲ್ಲಿ ನಾಗಸೇನನ ತಾಯಿ ಶಾಲುಬಾಯಿ, ಮಗನೇ ಕಾಯಂ ಎಂದು ಆಗಲೇ ಪೇಡೆ ಹಂಚತೊಡಗಿದ್ದಳು.

“ಚೆಕ್ಕರನ್ನೇ ರಿಪೇರಿ ಮಾಡ್ತೇನಿ,” ಎಂದ ನಾಗಸೇನ.

“ತಲಿ ಕೆಟ್ಟದ ಏನೋ?” ಪಕ್ಕದ ಕುರ್ಚಿಯ ಮಚ್ಛೇಂದ್ರ ನಕ್ಕ. ಇನ್ನೊಬ್ಬ ಹಂಗಾಮಿ ಇವನೇ. “ಬಾಯಿ ಮುಚ್ಚು ಅಂತ ಒಂದು ಸಾಲು ಬರಿ, ಮುಚ್ಚತದ. ನಾ ಎಲ್ಲಾ ಕಡಿ ಹಂಗೇ ಬರ್ದೀನಿ.”

“ಅದಕ್ಕೇ ನೀ ಬರ್ದದ್ದು ನಿನ್ನ ಬಿಟ್ರ ಯಾರಿಗೂ ತಿಳಿಯಂಗಿಲ್ಲ.”

ಮೊದಲ ರಿಪೇರಿಗೆ ಚೆಕ್ಕರ್ ಪೂರಾ ಮೂಕಾಯಿತು. ತೂಕವೇ ಇಲ್ಲದ ಚೀಲಕ್ಕೂ ಸಲಾಮು ಹೊಡೆದು ಒಳಗೆ ಬಿಟ್ಟಿತು. ಎರಡನೆಯದಕ್ಕೆ ಎಲ್ಲರ ಪರದೆಯೂ ಕೆಂಪಾಯಿತು.

“ಏ ನಾಗಸೇನಾ, ನನ್ನ ಆಫೀಸಿಗೆ ಬೆಂಕಿ ಹಚ್ಚೀ ಏನೋ?” ಮಜೀದ ಒಳಗಿನಿಂದ ಕೂಗಿದರು.

“ಸ್ವಲ್ಪ ತಡೀರಿ ಸಾಹೇಬ್ರ.”

ಊಟ ಬಿಟ್ಟು ಕೂತ. ಸಂಜೆಯ ಹೊತ್ತಿಗೆ ಚೆಕ್ಕರಿಗೆ ಬುದ್ಧಿ ಬಂತು. ದರ ಆಮೇಲೆ ಬರುತ್ತದೆ, ತೂಕ ಈಗಲೇ ಬೇಕು ಎಂಬುದು ಅದಕ್ಕೆ ತಿಳಿಯಿತು. ಸುಳ್ಳು ಗೆರೆಗಳೆಲ್ಲ ಅಳಿಸಿಹೋದವು.

“ಶಾಬಾಸ್ ಬೇಟಾ!” ಮಜೀದ ಬೆನ್ನು ತಟ್ಟಿದರು. “ಇನ್ನ ಸುಳ್ಳು ದೂರು ಬರಂಗಿಲ್ಲ?”

“ಒಂದೂ ಇಲ್ರಿ.”

“ಕೂತು ಆರಿಸೂದು?”

“ಬೇಕೇ ಇಲ್ರಿ ಸಾಹೇ…” ನಾಗಸೇನ ತನ್ನ ಕುರ್ಚಿಯ ಕಡೆ ನೋಡಿದ.

ಮಜೀದ ಬೆನ್ನ ಮೇಲಿನ ಕೈ ತೆಗೆದರು. “ಮಚ್ಛೇಂದ್ರ ಬರ್ದದ್ದು ಅಂವನ್ನ ಬಿಟ್ರ ಯಾರೂ ಮುಟ್ಟಂಗಿಲ್ಲ. ಅಂವ ಹೋದ್ರ ಆಫೀಸು ಬಂದ್. ಅಂವನ್ನೇ ಕಾಯಂ ಮಾಡ್ತೇನಿ. ನಿನ್ನ ಕೆಲಸ ನೀನೇ ಮುಗಿಸೀ. ಮನಸ್ಸಿಗಿ ಹಚ್ಕೋಬ್ಯಾಡ.”

ಊರಿಗೆ ಹೋಗುವ ಔರಾದ ಬಸ್ಸಿನಲ್ಲಿ ಕೂತಾಗ ಫೋನು ಬಂತು.

“ಬರೂವಾಗ ಇನ್ನಷ್ಟು ಪೇಡೆ ತಾರೋ,” ಶಾಲುಬಾಯಿ ಎಂದಳು. “ಓಣಿಗಿ ಸಾಲವಲ್ದು.”

ನಾಗಸೇನ ಕಿಸೆ ಮುಟ್ಟಿ ನೋಡಿಕೊಂಡ. ಮಚ್ಛೇಂದ್ರ ಕಾಯಂ ಆದ ಖುಷಿಯಲ್ಲಿ ತುರುಕಿದ ಪೇಡೆಯ ಪೊಟ್ಟಣ ಅಲ್ಲೇ ಇತ್ತು.

“ತರಾಕತ್ತೀನಿ,” ಎಂದ.