ಕಂಪ್ಯೂಟರ್ ಹಂಚಿದ ಪೇಢೆ

ನಾನು ಕೈ ಹಾಕಿದ ಕೆಲಸ ಎಂದೂ ಕೆಟ್ಟಿಲ್ಲ; ಅದು ಮಂದಿಗೆ ಅರ್ಥವಾಗುವಷ್ಟರಲ್ಲಿ ಏನಾದರೊಂದು ಆಗಿಬಿಡುತ್ತದೆ, ಅಷ್ಟೆ. ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಲ್ಲಿ ಮೂರೇ ತಿಂಗಳು ಕಂಪ್ಯೂಟರ್ ಕಲಿತು ಅಲ್ಲಿಯದೇ ಮೋಟಾರ್‌ಸೈಕಲ್ ಶೋರೂಮೊಂದಕ್ಕೆ ಸೇರಿದೆ. ಗಿರಾಕಿಯ ವಿವರ ಒಮ್ಮೆ ಹೊಡೆದರೆ ಮುಂದಿನ ಕೆಲಸವೆಲ್ಲ ತಾನಾಗೇ ನಡೆಯುವಂತೆ ಸಾಫ್ಟ್‌ವೇರಿನಲ್ಲಿ ನಿಯಮ ಕೂಡಿಸುವುದು ನನ್ನ ಕೆಲಸ. ಪರೀಕ್ಷೆಗೆಂದು ಮೊದಲು ಮಾಲಕರದೇ ವಿವರ ಹೊಡೆದೆ. ಅವರೂ ನಮ್ಮ ಕಮಲಾಪುರದವರೇ.

“ಜೂನ್ ತನಕ ನೋಡ್ತೀನಿ. ಆಮ್ಯಾಲ ಕಾಯಂ, ಇಲ್ಲಾ ಮನಿಗೆ,” ಅಂದಿದ್ದರು.

೧. ಬ್ಯಾಡ ಅನ್ನದ ಮಾಮಾ

ಗಾಡಿ ವಿಚಾರಿಸಿದವರು ಬ್ಯಾಡ ಅನ್ನುವ ತನಕ ದಿನಾ ಬೆಳಿಗ್ಗೆ ಅವರಿಗೊಂದು ಮೆಸೇಜು, ಇದು ಮೊದಲ ನಿಯಮ. ನಮ್ಮ ಕಡೆ ಎದುರಿಗೆ ನಿಂತು ಮಾರಿ ಮ್ಯಾಲ ಬ್ಯಾಡ ಅನ್ನುವವರು ಯಾರು? ಫ್ಯಾನಿನ ಗಾಳಿಗೆಂದು ಬಂದು ಕೂತಿದ್ದ ನನ್ನ ಸೋದರಮಾವ ಸಹ “ನೋಡಮ್ರಿ” ಅಂದು, ನಂಬರ್ ಕೊಟ್ಟು ಹೋಗಿದ್ದ. ಅವನಿಗೆ ಓದು ಬಾರದು. ದಿನಾ ಓಣಿಯವರಿಂದ ಮೆಸೇಜು ಓದಿಸಿದ. ಓಣಿಯೆಲ್ಲ “ಗಾಡಿ ಯಾವಾಗ ಬರ್ತದ?” ಅಂತ ಕೇಳತೊಡಗಿತು. ಹದಿನೈದನೇ ದಿನ ಬಂದು ಗಾಡಿ ತಗೊಂಡ.

“ಮಾಮಾ, ನಿನಗ ಗಾಡಿ ಹೊಡ್ಯಾಕ ಬರ್ತದ?”

“ಇಲ್ಲೋ ಅಳಿಯಾ. ಕಮಲಾಪುರ ತನಕ ದಬ್ಬಿಕೊಂಡು ಹೋಗ್ತೀನಿ. ಓಣ್ಯಾಗ ನಿಂದರಿಸಿದ್ರ ಸಾಕು.”

೨. ಮೇಲಕ್ಕೆ ಹೋದ ದೂರು

ಒಂದು ದಿನದಲ್ಲಿ ಬಗೆಹರಿಯದ ದೂರು ಮೇಲಿನವರಿಗೆ ಹೋಗಬೇಕು, ಇದು ಎರಡನೆಯದು. ಮಾಲಕರು ತಮ್ಮ ಕೋಣೆಯ ಫ್ಯಾನು ಕೆಟ್ಟಿದೆಯೆಂದು ದೂರು ಕೊಟ್ಟರು. ಮೆಕ್ಯಾನಿಕ್ ಮದುವೆಗೆ ಹೋಗಿದ್ದ. ಮ್ಯಾನೇಜರೂ ಅದೇ ಮದುವೆಗೆ. ಮೂರನೇ ದಿನ ದೂರು ಮಾಲಕರಿಗೇ ಬಂತು: ‘ನಿಮ್ಮ ನಿರ್ಲಕ್ಷ್ಯಕ್ಕೆ ಕಾರಣ ತಿಳಿಸಿ.’ ಬೆವರು ಒರೆಸುತ್ತ ‘ಬಿಸಿಲು ಭಾಳ ಇತ್ತು’ ಎಂದು ಹೊಡೆದರು. ಮಂಜೂರಾತಿಗೆ ಅದೂ ಅವರ ಮುಂದೆಯೇ ಬಂತು.

“ಬರೀ ನೆವ ಹೇಳ್ತಾನ,” ಎಂದು ನಾಮಂಜೂರು ಮಾಡಿದರು.

೩. ಜೂನ್ ಒಂದು

ಹುಟ್ಟಿದ ತಾರೀಖು ಬಂದರೆ ಶುಭಾಶಯದ ಮೆಸೇಜು, ಶೋರೂಮಿಗೆ ಬಂದರೆ ಪೇಢೆ ಡಬ್ಬಿ, ಇದು ಮೂರನೆಯದು. ಮೇ ತಿಂಗಳಿಡೀ ಮೂರೇ ಡಬ್ಬಿ ಹೋಗಿದ್ದವು. ಜೂನ್ ಒಂದರಂದು ಕಮಲಾಪುರದ ಮೊದಲ ಬಸ್ಸಿನ ಮಂದಿಯೆಲ್ಲ ನಮ್ಮ ಬಾಗಿಲಿಗೇ ಬಂದರು. ಪೇಢೆಗೆ ನಿಂತ ಗಿರಾಕಿಗಳ ಪಾಳಿ ರಸ್ತೆಗೆ ಮುಟ್ಟಿತು.

“ಇಷ್ಟು ಮಂದಿ ಒಂದೇ ದಿನ ಹ್ಯಾಂಗ ಹುಟ್ಯಾರೋ? ನಡಿ ಮನಿಗೆ,” ಅಂದರು ಮಾಲಕರು.

ಪಾಳಿಯಲ್ಲಿದ್ದ ನಮ್ಮೂರ ಶಾಲೆಯ ನಿವೃತ್ತ ಹೆಡ್‌ಮಾಸ್ತರರು ಮುಂದೆ ಬಂದರು. “ಹುಡುಗಂದೇನು ತಪ್ಪಿಲ್ಲಪ. ಇವರು ಹುಟ್ಟಿದ್ದು ಬ್ಯಾರೆ ಬ್ಯಾರೆ ದಿನಾನೇ. ಸಾಲಿಗೆ ಹೆಸರು ಹಚ್ಚುವಾಗ ಯಾರಿಗೂ ತಾರೀಖು ಗೊತ್ತಿರಲಿಲ್ಲ. ಎಲ್ಲರಿಗೂ ಜೂನ್ ಒಂದು ಅಂತ ಬರದಾಂವ ನಾನು.”

ಅಷ್ಟರಲ್ಲಿ ಮಾಲಕರ ಮೊಬೈಲು ಕಿಣಿಕಿಣಿ ಅಂದಿತು.

“ನಿಂದೂ ನಾನೇ ಬರದದ್ದು,” ಅಂದರು ಮಾಸ್ತರರು.

ಮಾಲಕರು ಮೆಸೇಜು ಓದಿ, ಮೊಬೈಲು ಕಿಸೆಗಿಟ್ಟು, ನನ್ನ ಕಿವಿಯ ಹತ್ತಿರ ಬಂದರು. “ನನ್ನ ಡಬ್ಬಿ ಎಲ್ಲಿ?”

“ಎರಡು ತೆಗೆದಿಟ್ಟೀನ್ರಿ. ಇನ್ನೊಂದು ನಂದು.”

ಅವತ್ತೇ ನನ್ನ ನೌಕರಿ ಕಾಯಂ ಆಯಿತು. ಮುಂದಿನ ವರ್ಷದಿಂದ ಜೂನ್ ಒಂದಕ್ಕೆ ಶೋರೂಮಿನ ರಜೆಯೂ.